ಒಲೆ ಹಚ್ಚದ ಬೆಳಗು

ಸುನೈನಾ ದೇವಿಗೆ ಬೇಕಿದ್ದದ್ದು ಒಂದೇ ಒಂದು ಬೆಳಗು. ಗಂಗೆಯ ದಂಡೆಯ ಆ ಯೋಗಾಶ್ರಮದಲ್ಲಿ ಹನ್ನೊಂದು ವರ್ಷದಿಂದ ಎಂಬತ್ತು ಜನಕ್ಕೆ ಬೇಯಿಸಿ ಹಾಕುತ್ತಿದ್ದವಳು ಅವಳು. ಆಶ್ರಮದ ಗುರು ಮಾತಾಜಿಯ ಆಸನದ ತರಗತಿ ಶುರುವಾಗುವುದು ಬೆಳಗಿನ ಐದಕ್ಕೆ. ಖಿಚಡಿಯ ಹಂಡೆ ಒಲೆಯೇರುವುದೂ ಐದಕ್ಕೇ. ಹೀಗಾಗಿ ಅವಳ ಪಾಲಿಗೆ ಬಂದದ್ದು ಕಿಟಕಿಯಾಚೆಯ ದನಿ, ಇಣುಕಿ ಕಂಡಷ್ಟು ನೋಟ ಮಾತ್ರ. "ಉಸಿರು ಒಳಗೆ... ನಿಧಾನ..." ಎಂದು ಅಲ್ಲಿ ಮಾತಾಜಿ ಹೇಳಿದರೆ ಇಲ್ಲಿ ಸೌಟು ಹಿಡಿದ ಇವಳ ಎದೆ ಉಬ್ಬುತ್ತಿತ್ತು. ಆ ದನಿಯ ಎದುರಿಗೊಮ್ಮೆ ಕೂರಬೇಕೆಂಬ ಆಸೆ ಹಸಿವಿನ ಹಾಗೆ ದಿನಾ ಹುಟ್ಟಿ, ದಿನಾ ಹಾಗೇ ಉಳಿದುಬಿಡುತ್ತಿತ್ತು.

ಆ ಚೈತ್ರದಲ್ಲಿ ಸುದ್ದಿ ಬಂತು. ಮಾತಾಜಿ ಹಿಮಾಲಯದ ಕಡೆ ಹೊರಟಿದ್ದಾರಂತೆ, ಇನ್ನು ಮೌನವಂತೆ, ಮರಳಿ ಬರುವುದಿಲ್ಲವಂತೆ. ಹೊರಡುವುದು ಸತುವಾನ್ ಹಬ್ಬದ ದಿನ, ಬೆಳಗಿನ ಕೊನೆಯ ತರಗತಿ ಮುಗಿಸಿ.

ಸತುವಾನ್ ದಿನ ಆ ಸೀಮೆಯ ಮನೆಗಳಲ್ಲಿ ಒಲೆ ಹಚ್ಚುವುದಿಲ್ಲ. ಹುರಿದ ಕಡಲೆಯ ಹಿಟ್ಟು ಕಲಸಿ, ಮಾವಿನಕಾಯಿ ಚಟ್ನಿಯ ಜೊತೆ ತಿಂದರೆ ಮುಗಿಯಿತು. ಆ ಹಿಟ್ಟಿಗೆ ಸತ್ತು ಎನ್ನುತ್ತಾರೆ. ಹೆಸರು ಕೇಳಿ ಬೆಚ್ಚಬೇಡಿ, ಬಡವರನ್ನು ಬದುಕಿಸಿದ ಹಿಟ್ಟು ಅದು. ಆಶ್ರಮದಲ್ಲಿ ಮಾತ್ರ ಈ ಪದ್ಧತಿ ಇರಲಿಲ್ಲ. ಸುನೈನಾ ನೇರ ಉಗ್ರಾಣ ನೋಡಿಕೊಳ್ಳುವ ಲಲ್ಲನ್ ಬಾಬುವಿನ ಮುಂದೆ ಹೋಗಿ ನಿಂತಳು.

"ಬಾಬು, ಈ ಸಲ ಸತುವಾನ್‌ಗೆ ಒಲೆ ಬೇಡ. ಸತ್ತು ಕಲಸಿಟ್ಬಿಡ್ತೀನಿ."

"ತಲೆ ಕೆಟ್ಟಿದ್ಯಾ? ದೇಶ ದೇಶದಿಂದ ಬಂದೋರಿಗೆ ರಿಕ್ಷಾದೋರ ತಿಂಡಿ ಬಡಿಸ್ತೀಯಾ?"

"ರಿಕ್ಷಾದೋನು ಅದನ್ನೇ ತಿಂದು ನಿಮ್ಮಂಥ ಇಬ್ಬರನ್ನ ಸ್ಟೇಷನ್ ತನಕ ಎಳೀತಾನೆ. ನಿಮ್ಮ ತುಪ್ಪದ ಖಿಚಡಿ ತಿಂದೋರಿಗೆ ಮಾರನೇ ದಿನ ಮೂಗು ಮೊಣಕಾಲಿಗೆ ಮುಟ್ಟಲ್ಲ. ಕಿಟಕೀಲಿ ದಿನಾ ನೋಡ್ತೀನಲ್ಲ!"

ಬಾಗಿಲಲ್ಲಿ ಯಾರೋ ನಕ್ಕರು. ಮಾತಾಜಿ.

"ಅರ್ಧ ಹೊಟ್ಟೆ ಊಟಕ್ಕೆ, ಕಾಲು ನೀರಿಗೆ, ಕಾಲು ಗಾಳಿಗೆ ಅಂತ ಗಂಟಲು ಹರ್ಕೊಂಡೆ, ಲಲ್ಲನ್. ಇವಳು ಕಿಟಕೀಲೇ ಕಲ್ತುಬಿಟ್ಟಿದ್ದಾಳೆ. ಇಲ್ಲೇ ಬೆಳೆದ ಕಡಲೆ, ಹಿತ್ತಲ ಮಾವು, ಸೌದೆ ಇಲ್ಲ, ಹೊಗೆ ಇಲ್ಲ. ಇನ್ನೇನು ಬೇಕು?" ಎಂದವರು ಸುನೈನಾಳತ್ತ ತಿರುಗಿದರು. "ಒಲೆ ಇಲ್ದಿದ್ರೆ ಅವತ್ತು ಬೆಳಿಗ್ಗೆ ನಿಂಗೇನು ಕೆಲಸ?"

ಸುನೈನಾ ನೆಲ ನೋಡಿದಳು. "ತರಗತೀಲಿ ಒಂದು ಮೂಲೆ ಕೊಟ್ರೆ..."

"ಮೂಲೆ ಯಾಕೆ? ಮುಂದಿನ ಸಾಲಲ್ಲಿ ಕೂರು. ರಾಮಪರೀನೂ ಕರ್ಕೊಂಡು ಬಾ."

ರಾಮಪರಿ ಅವಳ ಜೊತೆಯ ಅಡುಗೆಯವಳು. ನಾಲ್ಕು ದಿನ ಇಬ್ಬರೂ ಬಿಸಿ ಮರಳಲ್ಲಿ ಕಡಲೆ ಹುರಿದರು, ಬೀಸುವ ಕಲ್ಲಿಗೆ ಹಾಕಿದರು. ಎಂಬತ್ತು ಹೊಟ್ಟೆ ಎಂದರೆ ಹುಡುಗಾಟವೇ? ರಟ್ಟೆ ಬಿದ್ದುಹೋಯಿತು. ಹಬ್ಬದ ದಿನ ಹಿಟ್ಟಿಗೆ ಜೀರಿಗೆ, ಉಪ್ಪು, ನಿಂಬೆರಸ ಬೆರೆಸಿ, ಉಂಡೆ ಕಟ್ಟಿ ಮುಚ್ಚಿಟ್ಟು, ಮಿಂದು, ಮಡಿಸಿಟ್ಟಿದ್ದ ಸೀರೆಯುಟ್ಟು, ಐದಕ್ಕೆ ಸರಿಯಾಗಿ ಸುನೈನಾ ಮುಂದಿನ ಸಾಲಿನಲ್ಲಿದ್ದಳು.

"ಎಲ್ಲರೂ ಮಲಗಿ. ಮೊದಲು ಶವಾಸನ. ಕಣ್ಣು ಮುಚ್ಚಿ. ಕಾಲ್ಬೆರಳು ಸಡಿಲ..."

ಎಷ್ಟು ಹತ್ತಿರದ ದನಿ! ಸುನೈನಾಳಿಗೆ ಅಳು ಬಂತು. ಪಾದ ಸಡಿಲ. ಮಂಡಿ ಸಡಿಲ.

ಕಣ್ಣು ಬಿಟ್ಟಾಗ ಬಿಸಿಲು ಹೊಟ್ಟೆಯ ಮೇಲಿತ್ತು. ಕೋಣೆ ಖಾಲಿ. ಪಕ್ಕದಲ್ಲಿ ರಾಮಪರಿ ಸತ್ತುವಿನ ತಟ್ಟೆ ಹಿಡಿದು ಕೂತಿದ್ದಳು.

"ಏಳು ಮಹಾರಾಣಿ. ತಿನ್ನು."

"ಮಾತಾಜಿ?"

"ಅವರ ರೈಲು ಇಷ್ಟೊತ್ತಿಗೆ ಕಿಯೂಲ್ ಸ್ಟೇಷನ್ ದಾಟಿರುತ್ತೆ."

"ಹಾಳಾದೋಳೇ, ಎಬ್ಬಿಸಬಾರದಿತ್ತಾ ನನ್ನ!"

"ಎಬ್ಬಿಸೋಕೆ ಹೋದೆ ಕಣೇ. ಮಾತಾಜಿ ತುಟಿ ಮೇಲೆ ಬೆರಳಿಟ್ರು. ಆಮೇಲೆ ಪೂರ್ತಿ ತರಗತಿ ಪಿಸುಮಾತಲ್ಲೇ ನಡೆಸಿದ್ರು, ನಿನ್ನ ನಿದ್ದೆ ಕೆಡಬಾರದು ಅಂತ. ಹಿಂದಿನ ಸಾಲಿನೋರಿಗೆ ಒಂದಕ್ಷರ ಕೇಳಿಸಿಲ್ಲ."

ಸುನೈನಾ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ಏನು ಹೇಳಿದ್ರು?"

"ಅಯ್ಯೋ, ದಿನಾ ಹೇಳೋದೇ."

"ಅದನ್ನೇ ಹೇಳು. ಅವರ ಹಾಗೇ, ಮೆಲ್ಲಗೆ," ಎಂದು ಸುನೈನಾ ಮತ್ತೆ ಮಲಗಿ ಕಣ್ಣು ಮುಚ್ಚಿದಳು.