ಹೆಬ್ಬಿದಿರ ಕಣಿವೆಯ ಸಿಂಹ

ಕಾಡಿನ ಗಂಧಗಾಳಿಯೂ ಗೊತ್ತಿಲ್ಲದವನು ಕಾಡಿನ ಕಥೆ ಬರೆದು ಹೆಸರು ಮಾಡಿದ ಎಂದರೆ ನಂಬಲೇಬೇಕು. ಒಂದು ಸೊಳ್ಳೆ ಕಚ್ಚಿದರೆ ಮನೆಮಂದಿಯನ್ನೆಲ್ಲ ಎಬ್ಬಿಸುವ ಆಸಾಮಿ, ಮಹಡಿ ಮೇಲಿನ ಬಾಡಿಗೆ ಕೋಣೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ‘ಹೆಬ್ಬಿದಿರ ಕಣಿವೆ’ ಬರೆದ. ಬಸ್ ನಿಲ್ದಾಣದ ಅಂಗಡಿಗಳಲ್ಲಿ ಅದು ಇಟ್ಟ ಹಾಗೆಲ್ಲ ಖಾಲಿಯಾಗುತ್ತಿತ್ತು. ದೊಡ್ಡ ಸಾಹಿತಿಗಳು ಮೂಗು ಮುರಿದರು. ಅವರ ಮಕ್ಕಳು ಪಠ್ಯಪುಸ್ತಕದ ನಡುವೆ ಬಚ್ಚಿಟ್ಟುಕೊಂಡು ಓದಿದರು.

ಈಗ ಕಾದಂಬರಿಕಾರನಿಗೆ ಹಲ್ಲು ಉದುರಿದೆ, ಪುಸ್ತಕ ಎಲ್ಲೂ ಸಿಗುವುದಿಲ್ಲ. ಕಣ್ಣು ಮುಚ್ಚುವ ಮೊದಲು ಅದನ್ನು ಇನ್ನೊಮ್ಮೆ ಅಚ್ಚಿನಲ್ಲಿ ನೋಡಬೇಕು, ಅಷ್ಟೇ ಅವನ ಆಸೆ. ಹಳೆಯ ಪ್ರಕಾಶಕರ ಮೊಮ್ಮಗಳು ಮರುಮುದ್ರಣದ ಮಾತಿಗೆ ಕರೆಸಿದಾಗ ಅವನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಹೊರಡುವಾಗ ಹೆಂಡತಿ, ಅಲ್ಲಿ ನಿಮ್ಮ ಬಾಯಿಗೆ ಬೀಗ ಹಾಕಿಕೊಳ್ಳಿ, ಕೇಳಿದ ಕಡೆ ಸಹಿ ಮಾಡಿ ಬನ್ನಿ ಎಂದು ಬುದ್ಧಿ ಹೇಳಿ ಕಳಿಸಿದ್ದಳು.

ಮೊಮ್ಮಗಳು ಒಳ್ಳೆಯ ಹುಡುಗಿ. ಎದ್ದು ನಿಂತು ಕುರ್ಚಿ ಕೊಟ್ಟಳು, ಕಾದಂಬರಿಯನ್ನು ಬಾಯ್ತುಂಬ ಹೊಗಳಿದಳು. ಒಂದೇ ಒಂದು ಸಣ್ಣ ತಿದ್ದುಪಡಿ ಎಂದಳು. ಬಿದಿರು, ಆನೆ ಇರುವ ಅಂಥ ಕಾಡಿನಲ್ಲಿ ಸಿಂಹ ಇರುವುದಿಲ್ಲವೆಂದು ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರೊಬ್ಬರು ಹೇಳಿದ್ದಾರಂತೆ. ಆದ್ದರಿಂದ ಸಿಂಹ ಇದ್ದಲ್ಲೆಲ್ಲ ಚಿರತೆ ಮಾಡುವುದು, ಮುಖಪುಟದ ಹಳೆಯ ಸಿಂಹವನ್ನು ತೆಗೆದು ಹೊಸ ಚಿತ್ರ ಹಾಕುವುದು. ಇಲ್ಲದಿದ್ದರೆ ಈ ಕಾಲದ ಮಕ್ಕಳ ಮುಂದೆ ನಗೆಪಾಟಲಾಗುತ್ತೇವೆ ಎಂದಳು.

ಇದು ಕಾದಂಬರಿಕಾರನಿಗೆ ಗೊತ್ತಿಲ್ಲದ ವಿಷಯವೇನಲ್ಲ. ಆ ಕಾಲದಲ್ಲಿ ಮುಖಪುಟ ಮೊದಲು ಅಚ್ಚಾಗಿ ಅಂಗಡಿಗಳಲ್ಲಿ ಜಾಹೀರಾತಾಗಿ ನೇತಾಡುತ್ತಿತ್ತು. ಕಥೆ ಅದರ ಹಿಂದೆ ಏದುಸಿರು ಬಿಡುತ್ತ ಓಡಬೇಕಿತ್ತು. ಚಿತ್ರ ಬರೆಯುತ್ತಿದ್ದವಳು ಅವನ ಹೆಂಡತಿಯೇ. ಪ್ರೆಸ್ಸಿನ ಯಜಮಾನರು, ಅಂದರೆ ಈ ಹುಡುಗಿಯ ತಾತ, ಹುಲಿ ಕೇಳಿದ್ದರು, ಅಚ್ಚಾಗಿ ಬಂದದ್ದು ಸಿಂಹ. ಪಾಪ, ಯಾವ ಕಾಡಿನಲ್ಲಿ ಯಾವ ಪ್ರಾಣಿ ಎಂದು ಅವಳಿಗೇನು ಗೊತ್ತು ಎಂದುಕೊಂಡ ಅವನು. ಅವಳ ಮುಖ ಸಣ್ಣದಾಗಬಾರದೆಂದು ತುಟಿ ಪಿಟಕ್ಕೆನ್ನದೆ, ಬರೆದಿಟ್ಟಿದ್ದ ಹುಲಿಯನ್ನು ಹೊಡೆದುಹಾಕಿ ಆ ಜಾಗದಲ್ಲಿ ಸಿಂಹವನ್ನು ತಂದು ಕೂರಿಸಿದ. ಓದುಗರು ಆ ಸಿಂಹಕ್ಕೇ ಮರುಳಾದರು. ಅಂದಿನಿಂದ ಈ ಗುಟ್ಟನ್ನು ಅವನು ಹೆಂಡತಿಗೂ ಬಿಟ್ಟುಕೊಟ್ಟಿರಲಿಲ್ಲ.

“ಸಿಂಹ ಎಲ್ಲೂ ಹೋಗಲ್ಲಮ್ಮ,” ಎಂದ.

“ತಪ್ಪು ಅಂತ ಗೊತ್ತಿದ್ದೂ ಹೇಗೆ ಸರ್ ಅಚ್ಚು ಹಾಕೋದು?”

“ತಪ್ಪೇ. ಕಣ್ಣು ಬಿಟ್ಕೊಂಡೇ ಮಾಡಿದ ತಪ್ಪು. ನನ್ನ ಕಾಡಲ್ಲಿ ಮನುಷ್ಯ ಆನೆ ಜೊತೆ ಹರಟೆ ಹೊಡೀತಾನೆ. ಅದನ್ನ ನುಂಗ್ಕೊಂಡ ನಿಮ್ಮ ಪ್ರಾಧ್ಯಾಪಕರಿಗೆ ಒಂದು ಸಿಂಹ ಗಂಟಲಲ್ಲಿ ಸಿಕ್ಕೊಳ್ತಾ? ಮುಖಪುಟದ ಒಂದು ಗೆರೇನೂ ಮುಟ್ಟೋ ಹಾಗಿಲ್ಲ. ಆಗಲ್ಲ ಅಂದ್ರೆ ಪುಸ್ತಕಾನೇ ಬೇಡ.”

ಹಾಗಾದರೆ ಬೇಡ ಸರ್ ಎಂದಳು ಮೊಮ್ಮಗಳು, ಬೇಸರದಿಂದಲೇ. ಜೀವಮಾನವಿಡೀ ಪ್ರಕಾಶಕರು ಕೂರು ಎಂದರೆ ಕೂತು, ನಿಲ್ಲು ಎಂದರೆ ನಿಂತ ಮನುಷ್ಯ ಅಂದು ಎದೆ ಸೆಟೆಸಿ ಹೊರಗೆ ಬಂದ. ಬೀದಿಯ ತಿರುವು ದಾಟಿದ ಮೇಲೆ ಮಾತ್ರ ನಡಿಗೆ ನಿಧಾನವಾಯಿತು. ಇನ್ನು ಆ ಪುಸ್ತಕವನ್ನು ತಾನು ನೋಡುವುದಿಲ್ಲ ಎಂದು ಅವನಿಗೆ ಖಾತ್ರಿಯಾಗಿತ್ತು.

ಮನೆಯಲ್ಲಿ ಹೆಂಡತಿ ಬಟ್ಟೆ ಮಡಚುತ್ತಿದ್ದಳು. ಅವನು ಏನೇನೋ ಹೇಳಿ ಜಾರಿಕೊಳ್ಳಲು ನೋಡಿದ. ಅವಳು ಬಿಡಬೇಕಲ್ಲ. ಕೊನೆಗೆ ಸಿಂಹದ ವಿಷಯ ಬಾಯಿಬಿಟ್ಟು, ನಿನಗೆ ಗೊತ್ತಿರಲಿಲ್ಲ, ಹೋಗಲಿ ಬಿಡು, ಅದಕ್ಕೆ ನೀನು ಬೇಜಾರು ಮಾಡ್ಕೋಬೇಡ ಎಂದು ಸಮಾಧಾನವನ್ನೂ ಹೇಳಿದ.

ಹೆಂಡತಿಯ ಕೈ ನಿಂತಿತು.

“ನನಗೆ ಗೊತ್ತಿರಲಿಲ್ವಾ? ಹೆಂಗಸಿನ ಕೈ, ಸ್ವಂತವಾಗಿ ಬರೆಯೋಕೆ ಬರಲ್ಲ, ಯಾವುದೋ ಹಳೇ ಪುಸ್ತಕದ ಹುಲೀನೇ ನಕಲು ಮಾಡ್ಲಿ ಅಂತ ಹೇಳಿ ಕಳಿಸಿದ್ರು ಆ ಯಜಮಾನ್ರು. ಅದಕ್ಕೇ ಬೇಕೂಂತ್ಲೇ ಸಿಂಹ ಬರೆದೆ ಕಣ್ರೀ. ನೀವು ಒಂದು ಮಾತೂ ಆಡದೆ ಕಥೆ ತಿರುಗಿಸಿದ್ರಲ್ಲ, ನನ್ನ ಪರ ನಿಂತ್ರಿ ಅಂತ ನಾನು ಎಷ್ಟು ಹಿಗ್ಗಿದ್ದೆ. ಇಷ್ಟು ವರ್ಷ ನನ್ನನ್ನ ದಡ್ಡಿ ಅಂದ್ಕೊಂಡಿದ್ರಾ?”

ಆನೆಯ ಬಾಯಲ್ಲೂ ಮಾತಾಡಿಸಿದವನು ನಾಚಿಕೆಯಿಂದ ತಲೆ ತಗ್ಗಿಸಿ, ಎದುರಿಗಿದ್ದ ಒಂದು ಬಟ್ಟೆಯನ್ನು ತಾನೇ ಮಡಚತೊಡಗಿದ. ಹೆಂಡತಿ ಮಡಚುತ್ತಿದ್ದ ಬಟ್ಟೆಯನ್ನು ಅಲ್ಲೇ ಬಿಟ್ಟು ಎದ್ದಳು, ತಲೆಗೂದಲು ಸರಿಮಾಡಿಕೊಂಡಳು, ಚಪ್ಪಲಿ ಮೆಟ್ಟಿದಳು.

“ತಪ್ಪಾದ್ರೂ ಬಿಟ್ಟುಕೊಡಲ್ಲ ಅಂತ ನೀವು ಹೇಳಿ ಬಂದ್ರಿ. ಅದು ತಪ್ಪೇ ಅಲ್ಲ ಅಂತ ನಾನು ಹೇಳ್ಬೇಕು. ಆ ಹುಡುಗಿ ಅಚ್ಚು ಹಾಕ್ತಾಳೋ ಬಿಡ್ತಾಳೋ, ಅವಳ ತಾತನಿಗೆ ಹೇಳದೆ ಉಳಿದಿದ್ದನ್ನ ಅವಳಿಗಾದ್ರೂ ಹೇಳ್ತೀನಿ. ನಡೀರಿ.”

ಸಾಹಸ ಕಾದಂಬರಿಕಾರ ಬಾಗಿಲಿಗೆ ಬೀಗ ಹಾಕಿ ಅವಳ ಹಿಂದೆ ಮೆಟ್ಟಿಲಿಳಿದ.