ಪ್ಯಾಸೇಜಿಗೊಂದು ಬಲ್ಬು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದವರು ಹಳೆಯ ಮನೆಗೆ ಬಾಡಿಗೆದಾರರನ್ನು ಹುಡುಕಿ ನೋಡಿದವರಲ್ಲ. ಹುಡುಕಿದ್ದರೆ ಗಾದೆ ಇನ್ನೂ ಒಂದು ಮಾತು ಉದ್ದವಾಗುತ್ತಿತ್ತು. ಅಕ್ಕನಿಗೆ ಇದು ಆ ತಿಂಗಳಲ್ಲಿ ಚೆನ್ನಾಗಿ ಮನದಟ್ಟಾಯಿತು.

ಅಮ್ಮ ತೀರಿಕೊಂಡ ಮೇಲೆ ಮನೆ ಅಕ್ಕ, ತಮ್ಮ ಇಬ್ಬರ ಪಾಲಿಗೆ ಬಂದಿತ್ತು. ಅಕ್ಕ ಹೊಲಿಗೆಯವಳು, ಗಂಡನ ಮನೆಯ ಮುಂದಿನ ಕೋಣೆಯಲ್ಲೇ ಅವಳ ಮಿಷನ್ನು. ತಮ್ಮ ಶಾಲೆಯ ವ್ಯಾನು ಓಡಿಸುತ್ತಿದ್ದ. ಪಕ್ಕದ ಮರದಂಗಡಿಯವನು ಜಾಗ ಕೇಳಿದ್ದ. ಮನೆ ಕೆಡವಿ ಗೋಡೌನು ಕಟ್ಟುವುದು ಅವನ ಯೋಚನೆ. ಕೊಟ್ಟುಬಿಡೋಣ ಎಂದು ತಮ್ಮ, ಸುತರಾಂ ಕೂಡದು ಎಂದು ಅಕ್ಕ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಹಾಗೆ ಸ್ವಲ್ಪ ದಿನ ನಡೆದು, ಕೊನೆಗೆ ಒಂದು ಒಪ್ಪಂದವಾಯಿತು. ತಿಂಗಳೊಳಗೆ ಬಾಡಿಗೆಗೆ ಹೋದರೆ ಮನೆ ಉಳಿಯುತ್ತದೆ, ಹೋಗದಿದ್ದರೆ ಮರದಂಗಡಿಯವನಿಗೆ.

"ಸುಮ್ನೆ ಬೀಗ ಹಾಕಿಟ್ರೆ ಗೆದ್ದಲಿಗೆ ಬಾಡಿಗೆ ಕೊಟ್ಟ ಹಾಗೆ ಅಕ್ಕಾ. ಅದೂ ಪುಕ್ಕಟೆ," ಎಂದ ತಮ್ಮ.

ರಿಪೇರಿಗೆ ಇಬ್ಬರೂ ಸೇರಿ ಹಾಕಿದ ಹಣ ತಲೆಗೆಳೆದರೆ ಕಾಲಿಗಿಲ್ಲ, ಕಾಲಿಗೆಳೆದರೆ ತಲೆಗಿಲ್ಲ ಎಂಬಂಥದ್ದು. ಗುಜರಿ ಅಂಗಡಿಯಿಂದ ಒಂದು ನಲ್ಲಿ ಬಂತು. ಒಡೆದ ಕಿಟಕಿಗೆ ಬೇರೆ ಯಾರದೋ ಕಿಟಕಿಯ ಗಾಜು ಬಂತು. ಕಿರುಗುಟ್ಟುವ ಬಾಗಿಲುಗಳಿಗೆ ಅಕ್ಕ ಹೊಲಿಗೆ ಮಿಷನ್ನಿನ ಎಣ್ಣೆ ಬಿಟ್ಟಳು. ಬಣ್ಣದ ಮೇಸ್ತ್ರಿ ಮಾತಿನಲ್ಲೇ ಎರಡು ಕೋಟು ಹೊಡೆದುಬಿಡುವ ಆಸಾಮಿ. ಗೋಡೆಗೆ ಮಾತ್ರ ಒಂದೇ ಕೋಟು. ಮುಂದಿನ ಕೋಣೆ, ಅಡುಗೆಮನೆ ಮುಗಿಸುವಷ್ಟರಲ್ಲಿ ಡಬ್ಬದ ತಳ ಕಂಡಿತ್ತು. ಎರಡರ ನಡುವಿನ ಉದ್ದನೆಯ ಪ್ಯಾಸೇಜು ಉಳಿಯಿತು.

"ಅದನ್ನ ಯಾರು ನೋಡ್ತಾರೆ, ಬಿಡು," ಎಂದಳು ಅಕ್ಕ.

ಅದು ಆ ಮನೆಯವರು ಮಾತ್ರ ಆಡಬಹುದಾದ ಮಾತು. ಅಕ್ಕ ಹುಟ್ಟುವ ಮೊದಲೇ ಅಮ್ಮನ ಎರಡೂ ಕಣ್ಣು ಹೋಗಿದ್ದವು. ಅಪ್ಪ ಬೇಗ ಹೋದರು. ಇಬ್ಬರು ಮಕ್ಕಳನ್ನು ಅಮ್ಮ ಕೈಯಳತೆಯಲ್ಲೇ ಸಾಕಿ ದೊಡ್ಡವರನ್ನಾಗಿ ಮಾಡಿದಳು. ಆ ಮನೆಯಲ್ಲಿ ಬಾಗಿಲೆಂದರೆ ಪೂರ್ತಿ ತೆರೆದಿರಬೇಕು, ಇಲ್ಲವೇ ಪೂರ್ತಿ ಮುಚ್ಚಿರಬೇಕು. ಅರ್ಧ ತೆರೆದ ಬಾಗಿಲು ಅಮ್ಮನ ಹಣೆಗೆ ಬಡಿಯುತ್ತದೆ. ಎಳೆದ ಕುರ್ಚಿ ಮತ್ತೆ ಅದರ ಜಾಗಕ್ಕೇ ಹೋಗಬೇಕು. ಮಕ್ಕಳಿಗೆಂದು ಮುಂದಿನ ಕೋಣೆಯಲ್ಲಿ ಒಂದು ಬಲ್ಬು ಕೈಗೆಟುಕುವಷ್ಟು ಕೆಳಗೆ ನೇತಾಡುತ್ತಿತ್ತು. ಅಮ್ಮ ಆಗಾಗ ಬಂದು ಅದರ ಹತ್ತಿರ ಅಂಗೈ ಹಿಡಿಯುವಳು. ಬಿಸಿಯಿದ್ದರೆ ಮಕ್ಕಳು ಓದುತ್ತಿದ್ದಾರೆ ಎಂದು ಅವಳ ಲೆಕ್ಕ. ತಮ್ಮ ಬಲ್ಬು ಹಚ್ಚಿಟ್ಟು ಎಷ್ಟೋ ಸಂಜೆ ಬೀದಿಯಲ್ಲಿ ಗೋಲಿ ಆಡಿದ್ದಾನೆ. ಅಮ್ಮ ಅಕ್ಕಪಕ್ಕದವರ ಮುಂದೆ, ನನ್ನ ಮಗ ಓದಿನಲ್ಲಿ ಹುಲಿ ಎಂದು ಹೇಳಿಕೊಂಡಿದ್ದಾಳೆ.

ಮನೆ ನೋಡಲು ಮೊದಲು ಬಂದವರು ಗಂಡ ಹೆಂಡತಿ. ಎಲ್ಲರೂ ಬರುವುದು ಸಂಜೆ, ಕೆಲಸ ಮುಗಿಸಿಕೊಂಡು. ಅಕ್ಕ ಸರಸರನೆ ಮುಂದೆ ನಡೆದು ಅಡುಗೆಮನೆಯ ಬಲ್ಬು ಹಾಕಿ, ನಲ್ಲಿ ತಿರುಗಿಸಿ ತೋರಿಸಲು ಕಾದು ನಿಂತಳು. ಅವರು ಬರುವುದು ತಡವಾಯಿತು. ಆಮೇಲೆ ದಡ್ ಎಂದು ಸದ್ದಾಯಿತು. ಗಂಡ ಕುಂಟುತ್ತಾ ಬಂದ. "ನೋಡಿ ಹೇಳ್ತೀವಿ" ಎಂದು ಹೋದವರು ಹೇಳಲಿಲ್ಲ.

ಅಡುಗೆಮನೆಯ ಬಣ್ಣ ಮಂಕಾಯಿತೇನೋ ಎಂದು ಅಕ್ಕ ಮೇಸ್ತ್ರಿಯನ್ನು ಮತ್ತೆ ಕರೆಸಿ ತಿಳಿ ಹಳದಿ ಹೊಡೆಸಿದಳು. ಉಳಿದಿದ್ದ ಹಣ ಅದಕ್ಕೆ ಸರಿಹೋಯಿತು. ಮುಂದಿನ ವಾರ ಒಬ್ಬ ಮೇಷ್ಟ್ರು ಬಂದರು. ಗೋಡೆ ಹಿಡಿದುಕೊಂಡು ಹೇಗೋ ಅಡುಗೆಮನೆ ತಲುಪಿ, ಕರ್ಚೀಫಿನಿಂದ ಕೈ ಒರೆಸಿಕೊಂಡರು. ಮನೆ ಚೆನ್ನಾಗಿದೆ ಎಂದರು. ಚೆನ್ನಾಗಿದೆ ಎಂದವರು ಯಾರೂ ತಿರುಗಿ ಬರುವುದಿಲ್ಲ ಎನ್ನುವುದು ಅಷ್ಟು ಹೊತ್ತಿಗೆ ಅಕ್ಕನಿಗೆ ಗೊತ್ತಾಗಿತ್ತು. ವಾಸನೆ ಇರಬಹುದು ಎಂದು ನೆಲವನ್ನೆಲ್ಲ ಫಿನಾಯಿಲ್ ಹಾಕಿ ತೊಳೆದಳು.

ತಿಂಗಳ ಕೊನೆಯ ವಾರ ಬಂದವಳು ಆಸ್ಪತ್ರೆಯ ನರ್ಸು. ಅಕ್ಕ ಎಂದಿನಂತೆ ಮುಂದೆ ಹೊರಟಳು. ನರ್ಸು ಮಾತ್ರ ಪ್ಯಾಸೇಜಿನ ಬಾಗಿಲಲ್ಲೇ ನಿಂತಳು.

"ಅಮ್ಮಾ, ಇಲ್ಲಿ ಲೈಟ್ ಹಾಕ್ತೀರಾ?"

ಅಕ್ಕನ ಕೈ ಗೋಡೆಯ ಮೇಲೆ ಸ್ವಿಚ್ಚಿಗಾಗಿ ತಡಕಾಡಿತು. ಹುಟ್ಟಿ ಬೆಳೆದ ಮನೆಯಲ್ಲಿ ಎರಡು ಸಲ ತಡಕಾಡಿತು. ಸ್ವಿಚ್ಚು ಇರಲಿಲ್ಲ. ಅವಳು ತಲೆಯೆತ್ತಿ ನೋಡಿದಳು. ಬಲ್ಬೂ ಇರಲಿಲ್ಲ, ಯಾವತ್ತೂ ಇರಲಿಲ್ಲ. ಅಮ್ಮನಿಗೆ ಬೇಕಿರಲಿಲ್ಲ, ಅಮ್ಮನ ಹಿಂದೆ ಗೋಡೆ ಸವರುತ್ತಾ ನಡೆಯಲು ಕಲಿತ ಮಕ್ಕಳಿಗೂ ಬೇಕೆನಿಸಿರಲಿಲ್ಲ.

"ಇಷ್ಟು ವರ್ಷ ಹೇಗೆ ಓಡಾಡ್ತಿದ್ರಿ?"

"ಹಾಗೇ..." ಎಂದಳು ಅಕ್ಕ. ನರ್ಸಿನ ಕೈ ಹಿಡಿದು ಅಡುಗೆಮನೆಯವರೆಗೂ ನಡೆಸಿ ತೋರಿಸಿ ಬಂದಳು.

"ಮನೆ ನಂಗೆ ಹಿಡಿಸ್ತು. ಆದ್ರೆ ನನ್ನ ಡ್ಯೂಟಿ ಮುಗಿಯೋದೇ ಕತ್ತಲಾದ ಮೇಲೆ, ಮನೇಲಿ ಸಣ್ಣ ಮಗು ಇದೆ. ಭಾನುವಾರದೊಳಗೆ ಇಲ್ಲೊಂದು ಲೈಟ್ ಹಾಕ್ಸಿ, ಅಡ್ವಾನ್ಸ್ ತಗೊಂಡೇ ಬರ್ತೀನಿ."

ವ್ಯಾನಿನ ವೈರು ಬಿಚ್ಚಿ ಕಟ್ಟಿ ರೂಢಿಯಿದ್ದ ತಮ್ಮ ಮುಂದಿನ ಕೋಣೆಯಿಂದ ತಾನೇ ಲೈನು ಎಳೆದ. ಸ್ಟೂಲಿನ ಮೇಲೆ ನಿಂತು ಬಲ್ಬು ತಿರುಗಿಸಿ, "ಹಾಕು ಅಕ್ಕಾ" ಎಂದ. ಅಕ್ಕ ಸ್ವಿಚ್ಚು ಒತ್ತಿದಳು.

ಗೋಡೆ ಕಂಡಿತು. ಈ ತುದಿಯಿಂದ ಆ ತುದಿಯವರೆಗೆ, ಸೊಂಟದೆತ್ತರದಲ್ಲಿ, ಅಂಗೈಯಗಲದ ಕಪ್ಪು ಪಟ್ಟಿ. ಸವೆದು ಸವೆದು ಹಳೆಯ ಚರ್ಮದ ಹಾಗೆ ಹೊಳೆಯುತ್ತಿತ್ತು. ಅಡುಗೆಮನೆಯ ಮೆಟ್ಟಿಲಿಗೆ ಮೊದಲು ಗೋಡೆಯಲ್ಲೊಂದು ಸಣ್ಣ ಕುಳಿ. ಅದು ಕೈಗೆ ಸಿಕ್ಕಿದರೆ ಮುಂದಿನ ಹೆಜ್ಜೆ ಕೆಳಗೆ ಎಂದರ್ಥ. ದೊಡ್ಡ ಪಟ್ಟಿಯ ಕೆಳಗೆ ಇನ್ನೊಂದು ತೆಳು ಪಟ್ಟಿ ಅಲ್ಲಲ್ಲಿ ಅಳಿಸಿ ಓಡಿತ್ತು. ಅದು ಯಾರ ಕೈಗಳದ್ದೆಂದು ಇಬ್ಬರಿಗೂ ಹೇಳಬೇಕಾಗಿರಲಿಲ್ಲ.

ತಮ್ಮ ಸ್ಟೂಲಿನಿಂದ ಇಳಿದು ಅಲ್ಲೇ ಕುಕ್ಕರಿಸಿದ.

"ಇದನ್ನ ಒರೆಸ್ಬೇಕಲ್ಲ," ಎಂದ ಆಮೇಲೆ. "ನನ್ನ ಕೈಲಾಗಲ್ಲ ಅಕ್ಕಾ. ಮಾರಿಬಿಡೋಣ."

"ಮಾರಿದ್ರೆ ಅವನು ಗೋಡೆನೇ ಕೆಡವ್ತಾನೆ ಕಣೋ."

"ಕೆಡವಲಿ. ನಾನು ನೋಡೋಕೆ ಬರಲ್ಲ."

"ನೋಡದೇ ಇದ್ರೆ ಆಗಿಲ್ಲ ಅಂತೀಯಾ?" ಅಕ್ಕ ಸ್ಟೂಲನ್ನೆತ್ತಿ ಬದಿಗಿಟ್ಟಳು. "ಗೋಡೆ ಇರಲಿ. ಮೇಲಿನ ಜಿಡ್ಡು ಹೋದ್ರೆ ಹೋಗಲಿ. ನಾನೇ ಉಜ್ಜುತೀನಿ, ನೀನು ವ್ಯಾನ್ ತಗೊಂಡು ಹೋಗು."

ಜಿಡ್ಡಿನ ಮೇಲೆ ಬಣ್ಣ ನಿಲ್ಲುವುದಿಲ್ಲ, ಸೋಡಾ ನೀರು ಹಾಕಿ ಉಜ್ಜಿ ಆಮೇಲೆ ಹೊಡೆಯಿರಿ ಎಂದು ಮೇಸ್ತ್ರಿ ಬೀದಿಯಲ್ಲಿ ಸಿಕ್ಕಾಗ ಪುಕ್ಕಟೆ ಬುದ್ಧಿ ಹೇಳಿದ್ದ. ಅಡುಗೆಮನೆಗೆ ಹೊಡೆದು ಉಳಿದಿದ್ದ ಅರ್ಧ ಡಬ್ಬ ಹಳದಿಯನ್ನೂ ಕೊಟ್ಟಿದ್ದ. ಅಕ್ಕ ಸೆರಗು ಬಿಗಿದು ಉಜ್ಜಲು ಕುಳಿತಳು. ಬಕೆಟ್ಟಿನ ನೀರು ಕಪ್ಪಾಯಿತು. ಹೊರಗೆ ಚೆಲ್ಲಿ ಬಂದಳು, ಮತ್ತೆ ಕಪ್ಪಾಯಿತು. ಅಮ್ಮ ತೀರಿಕೊಂಡ ದಿನ ಬಂದವರ ಗದ್ದಲದಲ್ಲಿ ಅವಳಿಗೆ ಸರಿಯಾಗಿ ಅಳು ಬಂದಿರಲಿಲ್ಲ. ಈಗ ಬಂತು. ಅಮ್ಮನನ್ನು ತಾನೇ ಕೈಯಾರೆ ಮನೆಯಿಂದ ಹೊರಗೆ ಕಳಿಸುತ್ತಿದ್ದೇನೆ ಎನಿಸಿ, ಬ್ರಷ್ಷು ಕೈಯಲ್ಲಿದ್ದಂತೆಯೇ ಬಿಕ್ಕಿ ಬಿಕ್ಕಿ ಅತ್ತಳು. ಅತ್ತು ಮುಗಿಸಿ ಮತ್ತೆ ಉಜ್ಜಿದಳು. ಕೆಳಗಿನ ತೆಳು ಪಟ್ಟಿ ಬೇಗ ಹೋಯಿತು. ಮೇಲಿನದು ಹಟ ಮಾಡಿತು. ಕುಳಿಯನ್ನು ಪುಟ್ಟಿ ಮೆತ್ತಿ ಮುಚ್ಚಿದಳು.

ಭಾನುವಾರ ಬೆಳಿಗ್ಗೆ ಎರಡನೇ ಕೋಟು ಮುಗಿಯಿತು. ಸಂಜೆ ನರ್ಸು ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಬಂದಳು. ಪ್ಯಾಸೇಜು ತಿಳಿ ಹಳದಿಯಾಗಿ ಬೆಳಗುತ್ತಿತ್ತು. ಬಾಗಿಲಲ್ಲಿ ನಿಂತಿದ್ದ ತಮ್ಮ ಒಳಗೆ ಕಾಲಿಡಲಿಲ್ಲ.

"ಎಷ್ಟು ಲಕ್ಷಣವಾಗಿದೆ ಈಗ," ಎಂದು ನರ್ಸು ಅಡ್ವಾನ್ಸು ಕೊಟ್ಟಳು. ಅಕ್ಕ ಬೀಗದ ಕೈ ಕೊಟ್ಟಳು. ಮನೆ ಉಳಿಯಿತು. ಇನ್ನು ಅಡುಗೆಮನೆ ಇನ್ನೊಂದು ಸಲ ತೋರಿಸುವುದು ಬಾಕಿ.

"ಗೋಡೆ ಇನ್ನೂ ಹಸಿ, ಮುಟ್ಬೇಡಿ," ಎಂದು ಅಕ್ಕ ಮುಂದೆ ಹೊರಟಳು. "ಆ ಕಡೆ ಒಂದು ಮೆಟ್ಟಿಲಿದೆ. ಮಗು ಓಡಾಡೋಕೆ ಶುರು ಮಾಡಿದ್ಮೇಲೆ ಸ್ವಲ್ಪ ಹೇಳಿಕೊಡ್ಬೇಕು. ನಮ್ಮಮ್ಮ ನಮಗೆ ಹೇಗೆ ಕಲಿಸಿದ್ರು ಅಂದ್ರೆ..."

"ಪರವಾಗಿಲ್ಲ ಅಮ್ಮಾ. ಈಗ ಲೈಟಿದೆಯಲ್ಲ, ಕಾಣುತ್ತೆ."

ಹೌದು ಎಂದಳು ಅಕ್ಕ. ಬಣ್ಣ ಅಂಟೀತೆಂದು ಎರಡೂ ಕೈಗಳನ್ನು ಎದೆಗೆ ಒತ್ತಿಕೊಂಡು, ನೆಲ ನೋಡುತ್ತಾ ನಡೆದಳು. ಆ ಬೆಳಕಿನಲ್ಲಿ, ಮೆಟ್ಟಿಲ ಹತ್ತಿರ, ಅವಳ ಕಾಲು ತಪ್ಪಿತು. ಮುಗ್ಗರಿಸಿ ಬೀಳುವವಳನ್ನು ಹಿಂದಿನಿಂದ ನರ್ಸು ರಟ್ಟೆ ಹಿಡಿದು ನಿಲ್ಲಿಸಿದಳು.

"ಅಯ್ಯೋ, ನೋಡ್ಕೊಂಡು ಅಮ್ಮಾ."

ಅಕ್ಕ ಹಸಿ ಗೋಡೆಗೆ ಕೈಯೂರಿ ನಿಂತಳು. ಅಮ್ಮ ಈ ಮೆಟ್ಟಿಲಲ್ಲಿ ಒಂದು ದಿನವೂ ಎಡವಿರಲಿಲ್ಲ.