ಕಿವಿಯ ಮೇಲಿನ ಅಂಗೈ

ಒಂದೂರಲ್ಲಿ ಒಬ್ಬಳು ತಾಯಿ ಇದ್ದಳಂತೆ, ಅವಳಿಗೆ ಚಂದ್ರನ ತುಂಡಿನಂಥ ಮಗಳಿದ್ದಳಂತೆ, ಆ ಚಂದದ ಸುದ್ದಿ ಯಾರ ಕಿವಿಗೂ ಬೀಳಬಾರದೆಂದು ತಾಯಿ ಮಗಳನ್ನು ಕಪ್ಪೆ ಕಪ್ಪೆ ಎಂದೇ ಕರೆಯುತ್ತಿದ್ದಳಂತೆ — ಮುಂದಿನ ಲಾರಿಯ ಕೆಂಪು ದೀಪ ಆರಿತು, ಮತ್ತೆ ಹೊತ್ತಿತು, ವ್ಯಾನು ಒಂದು ಮೊಳ ಜರುಗಿ ನಿಂತಿತು, ಅಷ್ಟೇ, ಅರಬ್ಬರ ಈ ಊರಿನ ಅಲ್ ಕುಸೈಸಿನಿಂದ ಏರ್‌ಪೋರ್ಟು ಎಷ್ಟು ದೂರ, ಇಳಿಯುವ ವಿಮಾನಗಳ ಹೊಟ್ಟೆ ಕಾಣುವಷ್ಟು ಹತ್ತಿರ, ಆದರೂ ಶುಕ್ರವಾರದ ರಜೆಯ ಹಿಂದಿನ ಗುರುವಾರದ ಸಂಜೆ ಈ ರಸ್ತೆ ಯಾರನ್ನೂ ಬಿಡುವುದಿಲ್ಲ, ಮಾನ್ಯಳ ಮೊಣಕಾಲಿಗೆ ಪ್ಲಾಸ್ಟಿಕ್ ಹೂವಿನ ಪೆಟ್ಟಿಗೆ ಒತ್ತುತ್ತಿದೆ, ಕಾಲು ಚಾಚಲು ಜಾಗವಿಲ್ಲ, ಕಿಟಕಿ ಇಳಿಸಿದರೆ ಬೆಂಕಿ, ಏರಿಸಿದರೆ ಹೊಸ ಪ್ಲಾಸ್ಟಿಕ್ಕಿನ ವಾಸನೆ, ಪಕ್ಕದಲ್ಲಿ ಸ್ಟಿಯರಿಂಗಿಗೆ ಅಂಟಿಕೊಂಡು ಕೂತ ಲಿನ್, ಎದುರು ಫ್ಲ್ಯಾಟಿನ ಚೀನೀ ಹೆಂಗಸು, ಈ ಹೂಗಳನ್ನೆಲ್ಲ ಮಾರುವವಳು, ಹಿಂದೆ ಪೆಟ್ಟಿಗೆಗಳ ನಡುವೆ ಅವಳ ಮಗಳು ರೂಯಿ, ಎಂಟು ವರ್ಷದ್ದು, ಕೊರಳಲ್ಲಿ ಪಾಸ್‌ಪೋರ್ಟಿನ ಚೀಲ, ಇನ್ನು ಸ್ವಲ್ಪ ಹೊತ್ತಿಗೆ ವಿಮಾನದ ಹುಡುಗಿಯೊಬ್ಬಳ ಕೈ ಹಿಡಿದು ಚೀನಾದ ವೆಂಝೌ ಎಂಬ ಊರಿನ ಅಜ್ಜಿಯ ಹತ್ತಿರ ಹೊರಟುಹೋಗುವವಳು, ಇಲ್ಲಿ ಶಾಲೆಯಲ್ಲಿ ಬಾಯಿಯೇ ಬಿಡುವುದಿಲ್ಲ ಎಂಬ ಕಾರಣಕ್ಕೆ — ಯಾಕಮ್ಮ ನೀನೂ ಹೋಗ್ತಿದ್ದೀಯ, ಬೇರೆಯವರ ಮನೆ ವಿಷಯ ನಿನಗ್ಯಾಕೆ, ಬೆಳಿಗ್ಗೆ ಟೈ ಕಟ್ಟಿಕೊಳ್ಳುತ್ತ ಗಂಡ ಗುರುದತ್ತ ಕೇಳಿದ್ದ, ಅವನಿಗೆ ಹೇಗೆ ಹೇಳುವುದು, ಕಿರುಬೆರಳಿಗೆ ಕಿರುಬೆರಳು ಸಿಕ್ಕಿಸಿ ಮಗುವಿಗೆ ಮಾತು ಕೊಟ್ಟಿದ್ದೇನೆ, ಸ್ಕೂಲು ಮುಚ್ಚುವುದರೊಳಗೆ ನಿನ್ನ ಅಮ್ಮ ನಿನ್ನನ್ನು ಒಂದು ಸಲ, ಒಂದೇ ಸಲ, ಚೆನ್ನಾಗಿ ಮಾಡಿದೆ ಅನ್ನುತ್ತಾಳೆ, ಪ್ರಾಮಿಸ್, ಸ್ಕೂಲು ಮುಚ್ಚಿಯೂ ಆಯಿತು, ಉಳಿದಿರುವುದು ಈ ರಸ್ತೆಯೊಂದೇ.

ಮಕ್ಕಳನ್ನು ಹೊಗಳಿ ಎಂದು ಶಾಲೆಯ ಮನಶ್ಶಾಸ್ತ್ರದ ಟೀಚರು ಹೇಳಿಕೊಟ್ಟಿದ್ದು, ದಿನಕ್ಕೊಮ್ಮೆಯಾದರೂ, ಮಗುವಿನ ಎದುರಿಗೇ, ಜೋರಾಗಿ, ಆಮೇಲೆ ನೋಡಿ ಹೇಗೆ ಮಾತಾಡುತ್ತಾಳೆ, ಲಿನ್ ನಾಚಿಕೊಂಡು ನಕ್ಕಿದ್ದಳು, ಮನೆಗೆ ಬರುವಾಗ ಲಿಫ್ಟಿನಲ್ಲಿ ಮಾನ್ಯಳ ತೋಳು ಹಿಡಿದಳು, ಮೈ ಫಾದರ್, ಒನ್ ಟೈಮ್ ಮೈ ಎಕ್ಸಾಮ್ ಪೇಪರ್ ನೋಡಿದ, ಏನೂ ಹೇಳಲಿಲ್ಲ, ಇನ್ನೊಂದು ಬಟ್ಟಲು ಅನ್ನ ತಿಂದ, ಖಲಾಸ್, ಅಷ್ಟೇ ಹೊಗಳಿಕೆ, ನನಗೆ ಬಾಯಿ ಬರಲ್ಲ, ಯು ಇಂಡಿಯನ್ ಟಾಕ್ ಲೈಕ್ ಹನಿ, ಮೊದಲು ನೀನು ಹೇಳು, ನಾನು ಕೇಳ್ತೀನಿ, ಕಲೀತೀನಿ, ಆಮೇಲೆ ಹೇಳ್ತೀನಿ — ಎಂಥ ಸುಖದ ಕೆಲಸ ಅನ್ನಿಸಿತ್ತು ಮಾನ್ಯಳಿಗೆ, ವೀಸಾದ ಮೇಲೆ ಹೌಸ್‌ವೈಫ್, ನಾಟ್ ಅಲೌಡ್ ಟು ವರ್ಕ್ ಎಂದು ಠಸ್ಸೆ ಒತ್ತಿಸಿಕೊಂಡು ಎರಡು ಕೋಣೆಗಳಲ್ಲಿ ಕೂತವಳಿಗೆ ಮಧ್ಯಾಹ್ನಗಳು ಎಂದರೆ ಶಾಲೆಯಿಂದ ನೇರ ಅವಳ ಮನೆಗೇ ಬರುವ ರೂಯಿ, ಮೊಸರನ್ನಕ್ಕೆ ಸೋಯಾ ಸಾಸ್ ಹಾಕಿಕೊಂಡು ತಿನ್ನುವ ರೂಯಿ, ಮಾನ್ಯಳ ಅಜ್ಜಿ ಕಾಂತಮ್ಮ ಹೇಳುತ್ತಿದ್ದ ಕತೆಗಳನ್ನು ಇಂಗ್ಲಿಷಿನಲ್ಲಿ ಕೇಳಿಸಿಕೊಂಡು, ದೆನ್, ಆಂಟಿ, ದೆನ್, ಎನ್ನುವ ರೂಯಿ, ಈ ಮನೆಯೊಳಗೆ ಬಾಯಿ ಬಿಡುವ ರೂಯಿ, ಕಪ್ಪೆ ಕಪ್ಪೆ ಎಂದು ಕರೆಸಿಕೊಂಡು ಕರೆಸಿಕೊಂಡು ಒಂದು ದಿನ ಕತೆಯ ಆ ಹುಡುಗಿ ವಟರ್ ಎಂದು ಓಗೊಟ್ಟು ಬಾವಿಗೆ ನೆಗೆದೇಬಿಟ್ಟಳಂತೆ, ದೆನ್ ಆಂಟಿ, ಆಮೇಲೆ ಏನಾಯಿತೋ ಮಾನ್ಯಳಿಗೂ ಗೊತ್ತಿಲ್ಲ, ಅಲ್ಲಿಗೆ ಬರುವಷ್ಟರಲ್ಲಿ ಅಜ್ಜಿ ಯಾವಾಗಲೂ ಗೊರಕೆ ಹೊಡೆಯುತ್ತಿದ್ದಳು. ಸಂಜೆ ಲಿನ್ ಬಾಗಿಲು ತಟ್ಟಿದರೆ ಮಾನ್ಯ ಜೇನು ಸುರಿಸುತ್ತಿದ್ದಳು, ನೋಡು ಲಿನ್, ಎಷ್ಟು ಚಂದದ ಕುದುರೆ ಬರೆದಿದ್ದಾಳೆ, ಲಿನ್ ಎರಡೂ ಕೈ ಆಡಿಸುತ್ತಿದ್ದಳು, ನೋ ನೋ, ವೇರ್ ಚಂದ, ಹಾರ್ಸ್ ಲುಕ್ ಲೈಕ್ ಡಾಗ್, ಎಷ್ಟು ಬೇಗ ಲೆಕ್ಕ ಮಾಡಿದಳು ಗೊತ್ತಾ, ನೋ ನೋ, ವೆರಿ ಲೇಝಿ, ಟೂ ಮಚ್ ಮಿಸ್ಟೇಕ್, ರೂಯಿ ಅಂಗೈಯನ್ನು ಎಡಗಿವಿಗೆ ಒತ್ತಿಕೊಂಡು ನಿಲ್ಲುತ್ತಿದ್ದಳು, ಕಿವಿನೋವಿರಬೇಕು ಎಂದು ಮಾನ್ಯ ಬೆಳ್ಳುಳ್ಳಿ ಹಾಕಿ ಬೆಚ್ಚಗೆ ಮಾಡಿದ ಎಣ್ಣೆ ಬಿಟ್ಟಳು, ಕಿವಿ ಸರಿಯಾಗಲಿಲ್ಲ.

ವ್ಯಾನು ಮತ್ತೆ ಜರುಗಿತು, ಬಲಗಡೆ ಬಸ್ಸಿನ ತುಂಬ ನೀಲಿ ಅಂಗಿಯ ಕೆಲಸಗಾರರು ಕಿಟಕಿಗೆ ಕೆನ್ನೆ ಆನಿಸಿ ನಿದ್ದೆ ಹೋಗಿದ್ದಾರೆ, ಲಿನ್ ಗಡಿಯಾರ ನೋಡುತ್ತಾಳೆ, ಯಲ್ಲಾ ಯಲ್ಲಾ, ನಡಿ ನಡಿ ಎಂದು ಲಾರಿಗೆ ಹೇಳುತ್ತಾಳೆ, ಇನ್ನು ಯಾವಾಗ, ಈಗ ಹೇಳಿಸದಿದ್ದರೆ ಯಾವಾಗ, ಮಾನ್ಯ ಗಂಟಲು ಸರಿ ಮಾಡಿಕೊಂಡಳು, ಲಿನ್, ರೂಯಿ ತಾನೇ ಬ್ಯಾಗು ತುಂಬಿದ್ದಾಳೆ, ಎಷ್ಟು ಅಚ್ಚುಕಟ್ಟು — ಎನ್ನುವಾಗ ಕಣ್ಣು ಮೇಲಿನ ಕನ್ನಡಿಗೆ ಹೋಯಿತು, ಕನ್ನಡಿಯಲ್ಲಿ ರೂಯಿಯ ಅಂಗೈ ಏಳುತ್ತಿದೆ, ಲಿನ್ ಇನ್ನೂ ಬಾಯೇ ತೆರೆದಿಲ್ಲ, ಅಂಗೈ ಆಗಲೇ ಕಿವಿಯ ಮೇಲಿದೆ, ಆಮೇಲೆ ಲಿನ್, ವೇರ್ ಅಚ್ಚುಕಟ್ಟು, ಟೂತ್‌ಬ್ರಷ್ ಮರೆತಿದಾಳೆ — ಅಯ್ಯೋ, ಲಿನ್‌ಳ ಬೈಗುಳಕ್ಕಲ್ಲ, ನನ್ನ ಹೊಗಳಿಕೆಗೆ, ನಾನು ಬಾಯಿ ತೆರೆದಾಗಲೆಲ್ಲ ಮಗು ಕಿವಿ ಮುಚ್ಚಿಕೊಂಡಿದೆ, ನನ್ನ ಒಂದೊಂದು ಜೇನಿನ ಹನಿಗೂ ಹಿಂದೆಯೇ ಒಂದೊಂದು ಏಟು ಬರುತ್ತದೆಂದು ಅದಕ್ಕೆ ಗೊತ್ತು, ಹೊರಗಿನವಳು ಹೊಗಳಿದರೆ ಹೆತ್ತವಳು ತಗ್ಗಿಸಬೇಕು, ಅದು ಅವರ ಮರ್ಯಾದೆ, ನನಗೇನು ತಿಳಿಯದ ಮರ್ಯಾದೆಯೇ ಅದು, ಏನ್ ಕೂದ್ಲು ಕಾಂತಮ್ಮ ನಿಮ್ಮ ಮೊಮ್ಮಗಳ್ದು ಎಂದ ಪಕ್ಕದ ಮನೆಯವಳಿಗೆ ಅಜ್ಜಿ ಅನ್ನಲಿಲ್ಲವೇ, ಏನ್ ಕೂದ್ಲೋ, ಹೇನಿನ ಗೂಡು, ಆಮೇಲೆ ಒಲೆಗೆ ಉಪ್ಪು ಮೆಣಸಿನಕಾಯಿ ಸುರಿದು ದೃಷ್ಟಿ ತೆಗೆಯಲಿಲ್ಲವೇ, ಚೆನ್ನಾಗಿದೆ ಅನ್ನಬಾರ್ದು ಮಗ, ಕೇಳಿಸ್ಕೊಳ್ಳೋರು ಇರ್ತಾರೆ, ನಂಜನಗೂಡಿನ ಆ ಅಡಿಗೆಮನೆಯ ಹೊಗೆ ಇಷ್ಟು ವರ್ಷವಾದ ಮೇಲೆ ಈ ವ್ಯಾನಿನೊಳಗೆ ಬಂದು ತುಂಬುತ್ತಿದೆ, ಒಂದು ಸಲವೂ ಹೊಗಳದೆ ಸತ್ತಳಲ್ಲ ಮುದುಕಿ — ಇಲ್ಲ, ಒಂದು ಸಲ, ದೊಡ್ಡತ್ತೆ ಬಂದಿದ್ದಾಗ, ಹುಡುಗಿ ಸ್ವಲ್ಪ ಮಂದ ಅಲ್ವೇನಮ್ಮ, ಸದಾ ಕನಸು ಕಾಣ್ತಾ ಕೂತಿರ್ತಾಳೆ ಎಂದದ್ದಕ್ಕೆ ಅಜ್ಜಿ ಒರಳುಕಲ್ಲು ಬಿಟ್ಟು ಎದ್ದು ಬಂದಿದ್ದಳು, ಯಾರೇ ಮಂದ, ನನ್ ಮಗ ಮಂದಾನಾ, ರಾತ್ರಿ ಕೇಳಿದ್ ಕತೇನ ಬೆಳಿಗ್ಗೆ ಒಂದೆಳೆ ಬಿಡ್ದೆ ಹೇಳ್ತಾಳೆ, ನಿನ್ ಮಕ್ಳು ಹೇಳ್ಲಿ ನೋಡಾನ, ಹಿಟ್ಟು ಮೆತ್ತಿದ ಕೈ ಮಾನ್ಯಳ ನೆತ್ತಿಯ ಮೇಲಿತ್ತು, ಆ ಹಿಟ್ಟನ್ನು ಅವಳು ಸಂಜೆಯವರೆಗೂ ತೊಳೆದುಕೊಂಡಿರಲಿಲ್ಲ.

ಹಾಗಾದರೆ ಹೀಗೆ, ಬೇರೆ ದಾರಿಯೇ ಇಲ್ಲ, ಮುಂದೆ ಲಾರಿ, ಹಿಂದೆ ಇನ್ನೊಂದು ಬಸ್ಸು, ಮಾನ್ಯ ಕನ್ನಡಿಯತ್ತ ನೋಡದೆ ಹೇಳಿದಳು, ನೀನು ಹೇಳೋದೇ ಸರಿ ಲಿನ್, ರೂಯಿ ಸ್ಲೋ, ದಿನಾ ನೋಡ್ತೀನಲ್ಲ, ಏನೂ ತಲೆಗೆ ಹೋಗಲ್ಲ, ಕಳಿಸೋದೇ ಒಳ್ಳೇದು, ನನ್ನ ನಾಲಿಗೆಯಾ ಇದು, ಏಸಿಯ ಗಾಳಿ ಭುಸುಗುಡುತ್ತಿದೆ, ಸ್ಟಿಯರಿಂಗಿನ ಮೇಲೆ ಲಿನ್‌ಳ ಬೆರಳುಗಳು ಬೆಳ್ಳಗಾದವು, ಹೂ ಸೇ ಸ್ಲೋ, ಏನಂದೆ, ನೀನು ಅಂದೆಯಾ, ನನಗೆ ಜ್ವರ ಬಂದಾಗ ಅಂಗಡಿ ಶಟರ್ ಯಾರು ತೆಗೆದಿದ್ದು, ಇವಳು, ಕೋಲು ಹಾಕಿ ಎಳೆದಳು, ಸ್ಟೂಲ್ ಮೇಲೆ ನಿಂತು ಮಾರಿದಳು, ದೊಡ್ಡ ಗಿರಾಕಿ ಮೋಸ ಮಾಡೋಕೆ ಬಂದ, ಅವನಿಗೆ ಮಾಫಿ ಅಂದಳು, ಆಗಲ್ಲ ಅಂತ ಅರಬ್ಬಿಯಲ್ಲಿ ಹೇಳಿದಳು, ನನಗೇ ಬರಲ್ಲ, ಸ್ಕೂಲಲ್ಲಿ ಮಾತಾಡಲ್ಲ, ಸ್ಕೂಲ್ ಸ್ಟುಪಿಡ್, ಅವಳ ಕುದುರೆ ನೋಡಿದೀಯಾ ನೀನು, ಎಲ್ಲಾ ಕುದುರೆ ಅಂಗಡಿಯಲ್ಲಿದೆ, ಹೂವಿನ ಹಿಂದೆ, ಗೋಡೆ ತುಂಬ, ನಾನೇ ಅಂಟಿಸಿದ್ದು, ನಾಟ್ ಸ್ಲೋ, ಮೈ ಡಾಟರ್ ಗುಡ್, ಮೈ ಡಾಟರ್ ವೆರಿ ಗುಡ್, ನೀನು ಮಾತಾಡಬೇಡ — ಹಿಂದಿನ ಬಸ್ಸು ಹಾರನ್ ಒತ್ತುತ್ತಿದೆ, ಲಾರಿ ಯಾವಾಗಲೋ ಮುಂದೆ ಹೋಗಿದೆ, ಎದುರು ರಸ್ತೆ ಖಾಲಿ ಬಿದ್ದಿದೆ, ಲಿನ್ ಮೂಗು ಒರೆಸಿಕೊಂಡು ಗೇರು ಹಾಕಿದಳು, ಏರ್‌ಪೋರ್ಟಿನ ಕಡೆಗೇ, ಟಿಕೆಟ್ಟು ಬದಲಾಗಿಲ್ಲ, ಏನೂ ಬದಲಾಗಿಲ್ಲ, ನಾಳೆಯ ಮಧ್ಯಾಹ್ನ ಎರಡು ಕೋಣೆಗಳಲ್ಲಿ ಯಾರೂ ದೆನ್ ಆಂಟಿ ಅನ್ನುವುದಿಲ್ಲ, ಕತೆಯ ಕೊನೆ ಇದೇ ಇರಬೇಕು ಅಜ್ಜಿ, ಬಾವಿಕಟ್ಟೆಗೆ ಒಬ್ಬಳು ರಾಕ್ಷಸಿ ಬಂದಳಂತೆ, ಇಣುಕಿ ನೋಡಿ ಥೂ ಬರೀ ಕಪ್ಪೆ ಅಂದಳಂತೆ, ಕಪ್ಪೆಯಲ್ಲ ನನ್ನ ಮಗಳು ಎಂದು ತಾಯಿ ಕೂಗಿಕೊಂಡಳಂತೆ, ರಾಕ್ಷಸಿಯ ಗತಿ ಏನಾಯಿತೆಂದು ಯಾರೂ ಕೇಳುವುದಿಲ್ಲ, ಕನ್ನಡಿಯಲ್ಲಿ ರೂಯಿ ಅವಳನ್ನೇ ನೋಡುತ್ತಿದ್ದಾಳೆ, ರೆಪ್ಪೆ ಬಡಿಯದೆ, ಸುಳ್ಳು ಕಣೇ ಪುಟ್ಟಿ, ನಾನಂದದ್ದು ಸುಳ್ಳು, ಎಂದರೆ ಲಿನ್ ಮತ್ತೆ ಕೈಯಾಡಿಸುತ್ತಾಳೆ, ನೋ ನೋ, ಎಲ್ಲವೂ ಅಳಿಸಿಹೋಗುತ್ತದೆ, ಹೇಳುವ ಹಾಗಿಲ್ಲ, ಈಗಲೂ ಇಲ್ಲ, ಗೇಟಿನ ಹತ್ತಿರವೂ ಇಲ್ಲ, ಕಿರುಬೆರಳು ಬೆವೆತಿದೆ, ಕನ್ನಡಿಯಲ್ಲಿ ಆ ಕಣ್ಣು, ಕಣ್ಣಿನ ಪಕ್ಕ ಕಿವಿ, ಒತ್ತಿ ಒತ್ತಿ ಕೆಂಪಾದ ಎಡಗಿವಿ, ಅದರ ಮೇಲೆ ಅಂಗೈ ಇಲ್ಲ, ಅಂಗೈ ಮಡಿಲಲ್ಲಿದೆ, ಕಿವಿಯ ಮೇಲೆ ಏನೂ ಇಲ್ಲ, ಬರೀ ಕಿವಿ, ತೆರೆದ ಕಿವಿ, ಕಿವಿ